ಹೂವಿನಂಗ ನೋಡಿಕೊಂಡರಂತೆ

ವೈಷ್ಣವಿ, ಓಂಕಾರ, ನಿಮ್ಮ ಸಣ್ಣಾಯಿ ನೆಲದಿಂದ ಏಳುತ್ತಿದ್ದದ್ದು ನಿಮಗೆ ನೆನಪಿದೆಯೋ ಇಲ್ಲವೋ. ಆಕೆಯ ಬೆರಳುಗಳು ಪೂರಾ ಬಿಚ್ಚುತ್ತಿರಲಿಲ್ಲ. ಅದಕ್ಕೆ ಅಂಗೈ ಬದಲು ಮುಷ್ಟಿಯನ್ನೇ ನೆಲಕ್ಕೆ ಊರುತ್ತಿದ್ದಳು. ಆ ಮುಷ್ಟಿಯ ಗೆಣ್ಣುಗಳು ಹಸಿ ಶುಂಠಿಯ ಗಂಟಿನ ಹಾಗೆ ಉಬ್ಬಿ ಒಂದು ಕಡೆಗೆ ವಾಲಿದ್ದವು. ಮುಷ್ಟಿ ಊರಿ, ಮೊಣಕಾಲಿನ ಮೇಲೆ ಹೊರಳಿ, ಟೊಂಕವನ್ನು ಮೊದಲು ಎತ್ತಿ, ತಲೆಯನ್ನು ಎಲ್ಲಕ್ಕೂ ಕೊನೆಗೆ ಎತ್ತುತ್ತಿದ್ದಳು. ಕುರಿ ಏಳುವುದೂ ಹಾಗೆಯೇ, ಹಿಂಗಾಲು ಮೊದಲು. ಓಂಕಾರ, ನೀನು ಸಣ್ಣವನಿದ್ದಾಗ ಆಕೆಯ ಪಕ್ಕದಲ್ಲಿ ಕೂತು ಹಾಗೆಯೇ ಹೊರಳಿ ಎದ್ದು ನಗುತ್ತಿದ್ದೆ. ನಿನ್ನ ಅವ್ವ ಗದರಿಸಿದರೆ ಆಕೆ, "ಬಿಡು, ಕಲೀಲಿ. ಈ ಮನ್ಯಾಗ ನನ್ನ ಇದ್ಯಾ ಕಲೀಲಾಕ ಬಂದಾಂವ ಇಂವಾ ಒಬ್ಬನೇ" ಅನ್ನುತ್ತಿದ್ದಳು.

ಯಾರಾದರೂ ಕೈ ಚಾಚಿದರೆ ಮಾತ್ರ ಸಿಟ್ಟು ಬರುತ್ತಿತ್ತು. "ಹಿಡೀಬ್ಯಾಡ್ರಿ. ನಾ ಏಳ್ತೀನಿ."

ಆಕೆ ನಿಮ್ಮ ಅಜ್ಜನ ತಂಗಿ, ನನಗೆ ನಾದಿನಿ. ಪಡಸಾಲೆಯ ಗೋಡೆಯ ಮೇಲೆ ಆಕೆಯ ಫೋಟೋ ಇದೆ. ವರ್ಷಕ್ಕೊಮ್ಮೆ ಆಕೆಯ ದಿನ ಮಾಡಿದಾಗ ನಿಮ್ಮ ದೊಡ್ಡಜ್ಜ ಆ ಫೋಟೋಕ್ಕೆ ಹಾರ ಹಾಕಿ, ಉಣ್ಣಲು ಬಂದ ಮಂದಿಯ ಎದುರಿಗೆ ಒಂದೇ ಮಾತು ಹೇಳುತ್ತಾರೆ: "ನಮ್ಮ ತಂಗೀನ ಹೂವಿನಂಗ ನೋಡಿಕೊಂಡಿವ್ರಿ. ಒಂದು ಕಡ್ಡಿ ಎತ್ಲಾಕ ಬಿಟ್ಟಿಲ್ಲ." ಮಂದಿ ಹೌದು ಹೌದು ಎಂದು ಗೋಣು ಹಾಕುತ್ತಾರೆ. ನಮ್ಮಲ್ಲಿ ಹಿರಿಯ ಭಾವನ ಎದುರು ನಿಂತು ಮಾತಾಡುವ ರೂಢಿ ಇಲ್ಲ. ಸೆರಗು ಎಳೆದುಕೊಂಡು ಒಳಗೆ ಹೋಗುವುದಷ್ಟೇ. ನಾನು ಒಳಗೆ ಹೋಗಿ ಈ ಹಾಳೆ ತೆಗೆದಿದ್ದೇನೆ. ಈ ಮರಾಠಿ ಸೀಮೆಯ ಗಡಿಯಾಚೆ ನನ್ನ ತವರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು ನಾನು. ನನಗೆ ಬರೆಯಲು ಬರುವುದು ಕನ್ನಡವೊಂದೇ. ನೀವು ಮರಾಠಿ ಶಾಲೆಯವರು, ತಡವರಿಸಿ ಓದುತ್ತೀರಿ. ತಡವರಿಸಿದರೂ ನೀವೇ ಓದಿರಿ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಆಕೆ ಇನ್ನೂ ಹುಡುಗಿ. ತುರೋರಿಯಲ್ಲಿ ಬಸ್ಸಿಳಿದು, ಎತ್ತಿನ ಗಾಡಿಯಲ್ಲಿ ಬಂದು, ಅಂಗಳದಲ್ಲಿ ಕಾಲಿಟ್ಟಾಗ ಮೊದಲು ಕಂಡದ್ದೇ ಬೇವಿನ ಗಿಡದ ಕೆಳಗಿನ ಹಗ್ಗ ಹೆಣೆದ ಹೊರಸು, ಅದರ ಮೇಲೆ ಗೋಡೆಗೆ ಆನಿಸಿ ಕೂರಿಸಿದ ಒಬ್ಬ ಹುಡುಗಿ. ಮುಖ ಹುಣ್ಣಿಮೆಯ ಚಂದ್ರನ ಹಾಗೆ ತುಂಬಿತ್ತು. ಎಷ್ಟು ಚೆಂದ ಬೆಳೆಸಿದ್ದಾರೆ ಅಂದುಕೊಂಡೆ. ಸಂಜೆ ಅತ್ತೆ ಆಕೆಗೆ ಸ್ನಾನ ಮಾಡಿಸುವಾಗ ನೀರು ಹಾಕಲು ನನ್ನನ್ನು ಕರೆದರು. ಆಗ ಆಕೆಯ ತೋಳು ತೊಡೆಗಳನ್ನು ನೋಡಿದೆ. ಉಣ್ಣೆ ನೂಲುವ ಕದಿರಿನ ಹಾಗಿದ್ದವು. ಆ ಮುಖ, ಆ ಕಾಲು ಒಂದೇ ಮನುಷ್ಯಳವು ಎಂದು ನಂಬಲಾಗಲಿಲ್ಲ.

ಆಕೆಗೆ ಸಂಧಿಬ್ಯಾನಿ ಬಂದದ್ದು ಶಾಲೆಗೆ ಹೋಗಲು ಶುರು ಮಾಡಿದ ವಯಸ್ಸಿನಲ್ಲಿ. ಮುಂಜಾನೆ ಎದ್ದರೆ ಮೊಣಕಾಲು ಊದಿಕೊಂಡು ಬಿಸಿಯಾಗಿರುತ್ತಿದ್ದವಂತೆ. ಸಂಧಿಬ್ಯಾನಿ ಮುದುಕರಿಗೆ ಬರುವಂಥದ್ದು, ಕೂಸಿಗೆ ಎಲ್ಲಿಂದ ಬಂತು ಎಂದು ಊರೆಲ್ಲ ಬೆರಗಾಯಿತು. ಕೆಲವರು ಕಣ್ಣು ತಾಗಿದೆ ಎಂದರು. ನಿಲಂಗಾದ ಸೋದರಮಾವ ಅಲ್ಲಿನ ಒಬ್ಬ ಡಾಕ್ಟರನಲ್ಲಿಗೆ ಕರೆದುಕೊಂಡು ಹೋಗಿದ್ದ. ಅವನು ಸಣ್ಣ ಬಿಳಿ ಗುಳಿಗೆ ಕೊಟ್ಟ. ಗುಳಿಗೆ ನುಂಗಿದ ಮಾರನೆಯ ದಿನವೇ ಹುಡುಗಿ ಅಂಗಳದಲ್ಲಿ ಓಡಾಡಿದಳಂತೆ. ಅತ್ತೆ ಆ ಡಾಕ್ಟರನ ಹೆಸರಿನಲ್ಲಿ ಬೀರಪ್ಪನಿಗೆ ಕಾಯಿ ಒಡೆಸಿದರು. ಅಲ್ಲಿಂದ ಆ ಗುಳಿಗೆ ನಿಲ್ಲಲೇ ಇಲ್ಲ. ಯಾರೂ ಮತ್ತೆ ಅವನ ಹತ್ತಿರ ಕರೆದುಕೊಂಡೂ ಹೋಗಲಿಲ್ಲ. ನಿಲಂಗಾಕ್ಕೆ ಹೋದವರು ಉಪ್ಪು ಬೆಲ್ಲದ ಜೊತೆ ಅದನ್ನೂ ತರುತ್ತಿದ್ದರು. ಮುಖ ತುಂಬಿತು. "ಮಗಳು ಮೈ ಹಿಡದಾಳ, ಆರಾಮ ಆಗ್ಯಾಳ" ಎಂದು ಮಂದಿ ಹೊಗಳಿದರು. ಅದು ಗುಳಿಗೆಯ ಬಾವು ಎಂದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಒಳಗೆ ಅದೇ ಗುಳಿಗೆ ಎಲುಬನ್ನು ತಿನ್ನುತ್ತಿತ್ತು.

ಉಳಿದದ್ದನ್ನು ಮನೆಯ ಪ್ರೀತಿ ತಿಂದಿತು.

ಕುರುಬರ ಮನೆಯಲ್ಲಿ ಹೆಣ್ಣು ಹುಡುಗಿ ಸುಮ್ಮನೆ ಕೂರುವುದುಂಟೇ? ನೀರು, ಸಗಣಿ, ಮರಿ, ಉಣ್ಣೆ, ಎಲ್ಲದಕ್ಕೂ ಆಕೆಯೇ. ಆದರೆ ನಮ್ಮ ಮನೆಯಲ್ಲಿ ಈಕೆಯನ್ನು ಕೂರಿಸಿದ್ದರು. ಶಾಲೆ ಬಿಡಿಸಿದರು, ದಾರಿ ದೂರ ಎಂದು. ಬಚ್ಚಲಿಗೆ ಎತ್ತಿಕೊಂಡೇ ಹೋಗುತ್ತಿದ್ದರು. ಅನ್ನ ಕಲಸಿ ಬಾಯಿಗಿಡುತ್ತಿದ್ದರು. ಒಂದು ದಿನ ಅತ್ತೆ ರೊಟ್ಟಿ ಮುರಿದು ತುತ್ತು ಮಾಡುತ್ತಿದ್ದಾಗ ಆಕೆ ಅಂದಳು: "ಯವ್ವಾ, ಅಗಿಯೋದೂ ನೀನೇ ಅಗದು ಹಾಕು. ನನ್ನ ಹಲ್ಲಿಗಿ ದಣಿವಾಗಬಾರದು ನೋಡು." ಅತ್ತೆ ನಕ್ಕರು. ಆಕೆ ನಗಲಿಲ್ಲ. ತಂಬಿಗೆ ಎತ್ತಲು ಹೋದರೂ ಮೂರು ದಿಕ್ಕಿನಿಂದ "ಇಡು, ಇಡು" ಎಂದು ಕೂಗು ಬರುತ್ತಿತ್ತು.

ಮದುವೆಯ ಮಾತು ಯಾರೂ ಎತ್ತಲಿಲ್ಲ. ವರ್ಷಗಳು ಹೋದವು. ನನ್ನ ಮಕ್ಕಳು ಆಕೆಯ ಹೊರಸಿನ ಸುತ್ತ ಆಡಿ ಬೆಳೆದರು. ಆಕೆ ಅಲ್ಲಿಯೇ ಕೂತು ನಾವು ಉಣ್ಣೆ ನೂಲುವುದನ್ನು ನೋಡಿದಳು, ಅಲ್ಲಿಂದಲೇ ಊರಿನ ಎಲ್ಲರ ಲಗ್ನ, ಜಗಳ, ಬಸಿರು ಬಾಣಂತನದ ಸುದ್ದಿ ತಿಳಿದುಕೊಂಡಳು.

ಒಂದು ಸುಗ್ಗಿಯಲ್ಲಿ ನಿಮ್ಮ ಅಜ್ಜ ತೊಗರಿ ಮಾರಲು ಉದಗೀರದ ಅಡತಿಗೆ ಹೊರಟರು. ಆ ಹೊತ್ತಿಗೆ ಆಕೆಯ ಬೆನ್ನು ನೋವು ಬಹಳವಾಗಿತ್ತು, ಬೆನ್ನು ಬಾಗಲು ಶುರುವಾಗಿತ್ತು. ಉದಗೀರದಲ್ಲಿ ಸಂಧಿಬ್ಯಾನಿಯ ಒಬ್ಬ ಡಾಕ್ಟರಬಾಯಿ ಇದ್ದಾಳೆ ಎಂದು ಯಾರೋ ಹೇಳಿದ್ದರು. ತೊಗರಿಯ ಚೀಲಗಳ ಜೊತೆ ನಾವಿಬ್ಬರೂ ಟೆಂಪೋದಲ್ಲಿ ಹೋದೆವು. ಕಿಲ್ಲೆಯ ಕೋಟೆಗೋಡೆ ಕಂಡಾಗ ಆಕೆ ಸಣ್ಣ ಹುಡುಗಿಯ ಹಾಗೆ ಕತ್ತು ಚಾಚಿ ನೋಡಿದಳು. "ವೈನಿ, ಇಷ್ಟು ದೊಡ್ಡ ಗ್ವಾಡಿ ಕಟ್ಟಿದವರು ಯಾರೂ ಹೊರಸಿನ ಮ್ಯಾಲ ಕುಂತು ಕಟ್ಟಿರಲಿಕ್ಕಿಲ್ಲ."

ಡಾಕ್ಟರಬಾಯಿ ಮರಾಠಿಯವಳು. ಆಕೆ ಗುಳಿಗೆಯ ಪಾಕೀಟು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟಳು. ಆಮೇಲೆ ನಾದಿನಿಯನ್ನು ಖುರ್ಚಿಯ ಮೇಲೆ ಕೂರಿಸಿ, "ಉಠ್ ಬರಂ, ಹಾತ್ ನ ಲಾವತಾ" ಅಂದಳು. ಕೈ ಊರದೆ ಎದ್ದೇಳು ಎಂದು. ನಾದಿನಿ ಮುಂದಕ್ಕೆ ಬಾಗಿದಳು, ಹಲ್ಲು ಕಚ್ಚಿದಳು. ಏಳಲಾಗಲಿಲ್ಲ. ಮತ್ತೆ ಬಾಗಿದಳು. ಆಗಲೂ ಆಗಲಿಲ್ಲ. ನಿಮ್ಮ ಅಜ್ಜ ಅಭ್ಯಾಸದಂತೆ ಎತ್ತಲು ಕೈ ಹಾಕಿದರು. ಡಾಕ್ಟರಬಾಯಿ ಅವರ ಕೈ ಮೇಲೆ ಹಗುರಾಗಿ ಹೊಡೆದಳು.

ಆಕೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಸಣ್ಣವರಿದ್ದಾಗಲೇ ಎಲುಬು ತುಂಬಬೇಕು, ಮಾಂಸ ಬಲಿಯಬೇಕು. ಈ ರೋಗ ಸಣ್ಣಂದಿನಲ್ಲಿ ಬಂದವರಿಗೆ ಆ ತುಂಬುವ ಕಾಲವೇ ರೋಗದಲ್ಲಿ ಹೋಗುತ್ತದೆ. ಮೇಲೆ ಗುಳಿಗೆ, ಅದರ ಮೇಲೆ ಕೂತಲ್ಲೇ ಕೂರುವುದು. ಸಂಧಿಯ ಊತ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಸಂಧಿ ನೋಡುತ್ತಾರೆ. ತೊಡೆಯ ಮಾಂಸ ಕರಗಿದ್ದನ್ನು, ಎಲುಬು ಸವೆದದ್ದನ್ನು ಯಾರೂ ನೋಡುವುದಿಲ್ಲ. ಎಲುಬಿನ ಗಟ್ಟಿತನ ನೋಡುವ ತಪಾಸಣೆ ಮಾಡಿಸಿದ ಮೇಲೆ, ಮುದುಕಿಯ ಎಲುಬು ಇದು, ಈಕೆ ಇನ್ನೂ ನಡುವಯಸ್ಸಿನವಳು, ಅಂದಳು.

"ಇನ್ನ ತುಂಬತದೇನ್ರಿ ಬಾಯಿ?" ನಾದಿನಿ ಕೇಳಿದಳು. ನಾನು ಅದನ್ನು ನನ್ನ ಅರೆಬರೆ ಮರಾಠಿಯಲ್ಲಿ ಹೇಳಿದೆ.

ಹೋದದ್ದೆಲ್ಲ ಬರುವುದಿಲ್ಲ, ಇದ್ದದ್ದನ್ನು ಗಟ್ಟಿ ಮಾಡಿಕೊಳ್ಳಬಹುದು, ಮಾಂಸಕ್ಕೆ ಯಾವ ವಯಸ್ಸಿನಲ್ಲೂ ಕಲಿಸಬಹುದು ಎಂದಳು ಡಾಕ್ಟರಬಾಯಿ. ಬಿಳಿ ಗುಳಿಗೆಯನ್ನು ಒಮ್ಮೆಲೇ ಬಿಡಬೇಡ, ನಾನು ಮೆಲ್ಲಗೆ ಇಳಿಸುತ್ತೇನೆ ಎಂದು ಬೇರೆ ಔಷಧ ಬರೆದಳು. ಹಾಲು, ಮೊಸರು, ಕಾಳು, ತತ್ತಿ, ಬಿಸಿಲು. ಖುರ್ಚಿಯಿಂದ ಏಳುವುದು, ಕೂರುವುದು. ಕಾಲಿಗೆ ಸ್ವಲ್ಪ ಭಾರ ಕಟ್ಟಿ ಎತ್ತುವುದು. ಮೆಲ್ಲಗೆ ಭಾರ ಹೆಚ್ಚಿಸುವುದು. ಸಂಧಿ ಬಿಸಿಯಾಗಿ ಊದಿದ ದಿನ ಕಡಿಮೆ, ಆದರೆ ಬಿಡುವುದಲ್ಲ.

ವಾಪಸು ಬರುವಾಗ ಟೆಂಪೋ ಖಾಲಿಯಿತ್ತು. ಆಕೆ ಹಿಂದೆ ಖಾಲಿ ಚೀಲಗಳ ಮೇಲೆ ಕೂತು ದಾರಿಯುದ್ದಕ್ಕೂ ಹಾಡಿದಳು. ಮದುವೆಯಾಗಿ ಬಂದಾಗಿನಿಂದ ಆಕೆ ಹಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಹರಿದ ಕಂಬಳಿಯ ತುಂಡಿನಿಂದ ಎರಡು ಸಣ್ಣ ಚೀಲ ಹೊಲಿದಳು. ಆ ಸೊಟ್ಟ ಬೆರಳಿನಲ್ಲಿ ದಬ್ಬಳ ಹಿಡಿದು ಹೊಲಿಯುವುದು ನೋಡಲಾಗುತ್ತಿರಲಿಲ್ಲ, ಆದರೂ ನನಗೆ ಕೊಡಲಿಲ್ಲ. ನಾನು ಹಳ್ಳದಿಂದ ಉಸುಕು ತಂದು ತುಂಬಿದೆ. ಕಾಲಿಗೆ ಕಟ್ಟಿಕೊಂಡು ಕಟ್ಟೆಯ ಅಂಚಿನಲ್ಲಿ ಕೂತು ಒಂದೊಂದೇ ಕಾಲು ಎತ್ತುತ್ತಿದ್ದಳು. ಬೆವರು ಸುರಿಯುತ್ತಿತ್ತು. ಪಕ್ಕದ ಮನೆಯ ಕಾಕು ಬೇಲಿಯಾಚೆಯಿಂದ ಕೂಗಿದಳು: "ಏನೇ, ಈ ವಯಸ್ಸಿನ್ಯಾಗ ಗೆಜ್ಜಿ ಕಟ್ಟಿ? ಯಾವ ಊರಾಗ ಕುಣಿಯಾಕ ಹೊಂಟಿ?"

"ನಿನ್ನ ಮಗನ ಲಗ್ನದಾಗ ಕುಣೀಲಾಕ, ಕಾಕು. ನೀ ಹೆಣ್ಣು ಹುಡುಕೋದ್ರಾಗ ನನ್ನ ಕಾಲು ಗಟ್ಟಿ ಆಗ್ತಾವ ಬಿಡು."

ಕಾಕುವಿನ ಮಗನಿಗೆ ಹೆಣ್ಣು ಸಿಗುತ್ತಿರಲಿಲ್ಲ. ಕಾಕು ಬೈದುಕೊಂಡು ಒಳಗೆ ಹೋದಳು.

ಆ ಮಳೆಗಾಲ ಮುಗಿಯುವುದರೊಳಗೆ ಆಕೆ ಕಟ್ಟೆಯಿಂದ ಕೈ ಊರದೆ ಎದ್ದಳು. ನಾನು ಕಾಳು ಹಸನು ಮಾಡುತ್ತಿದ್ದೆ. "ವೈನಿ, ಇತ್ತ ನೋಡು" ಅಂದಳು. ನೋಡಿದರೆ ನಿಂತಿದ್ದಾಳೆ. ಎರಡೂ ಕೈ ಗಾಳಿಯಲ್ಲಿ, ಕಾಲು ಥರಥರ ನಡುಗುತ್ತಿವೆ. ಮೊರ ಅಲ್ಲಿಯೇ ಬಿಟ್ಟು ಓಡಿ ಹೋದೆ. "ಮುಟ್ಟಬ್ಯಾಡ, ಬರೇ ನೋಡು" ಅಂದಳು. ನಂತರ ನೆಲದಿಂದ ಏಳುವುದು ಕಲಿತಳು, ಕುರಿಯ ಹಾಗೆ. ತಂಬಿಗೆ ಎತ್ತಿದಳು. ಆಮೇಲೆ ಸಣ್ಣ ಕೊಡದಲ್ಲಿ ಅರ್ಧ ನೀರು ತುಂಬಿ ಸೊಂಟಕ್ಕಿಟ್ಟು ಬೋರಿನಿಂದ ಮನೆಗೆ ತಂದಳು. ನೀರು ಚೆಲ್ಲಿ ಸೀರೆ ಒದ್ದೆಯಾಗಿತ್ತು. ಆ ಕೊಡವನ್ನು ದೇವರ ಮುಂದಿಟ್ಟು ಅರಿಶಿನ ಹಚ್ಚಿದಳು, ಹುಚ್ಚಿ. ಅವತ್ತು ಆಕೆಯ ಮುಖ ನಾನು ಹೇಗೆ ಬರೆಯಲಿ.

ಆ ಕೊಡವನ್ನು ಊರು ನೋಡಿತ್ತು. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಗಂಡಸರು ನಿಮ್ಮ ದೊಡ್ಡಜ್ಜನನ್ನು ಕೆಣಕಿದರಂತೆ: ಅಣ್ಣತಮ್ಮರಿದ್ದೂ ರೋಗದ ತಂಗಿಯ ಕೈಲಿ ನೀರು ಹೊರಿಸುತ್ತೀರಲ್ಲೋ, ನಿಮ್ಮ ಹೆಂಡರು ಏನು ಪಟ್ಟದರಸಿಯರೇನು ಎಂದು. ಅವರು ಮನೆಗೆ ಬಂದವರೇ ಉಸುಕಿನ ಚೀಲ ಎರಡನ್ನೂ ತಿಪ್ಪೆಗೆ ಎಸೆದರು.

"ನಾ ಸತ್ತೀನೇನು? ಮಂದಿ ನನ್ನ ಮಾರಿಗಿ ಉಗುಳ್ತಾರ!"

"ಅಣ್ಣಾ, ಡಾಕ್ಟರಬಾಯಿ ಹೇಳ್ಯಾಳ..."

"ಆ ಬಾಯಿಗಿ ಏನು ತಿಳೀತದ? ಬ್ಯಾನಿ ಇದ್ದವರಿಗಿ ಕೆಲಸ ಹಚ್ಚು ಅಂತಾಳಲ್ಲ, ಆಕಿ ಡಾಕ್ಟರೋ ಕೂಲಿ ಮಂದಿ ಮುಕಾದಮಳೋ?"

ನಾದಿನಿ ಕಟ್ಟೆಯ ಮೇಲಿಂದ ಎದ್ದು ನಿಂತಳು, ಕೈ ಊರದೆ. "ಅಣ್ಣಾ, ನಿನ್ನ ಮಾನ ನನ್ನ ಮೊಣಕಾಲಿನ್ಯಾಗ ಅದ ಏನು?"

ನಿಮ್ಮ ದೊಡ್ಡಜ್ಜ ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರು ಬಂತು. ಅದೇ ಕೆಟ್ಟದಾಯಿತು. ಜಗಳ ಆಡಿದ್ದರೆ ಆಕೆ ಗೆಲ್ಲುತ್ತಿದ್ದಳು. ಅವರು ಒಳಗೆ ಹೋಗಿ ದೇವರ ಚೀಲದಿಂದ ಭಂಡಾರದ ಅರಿಶಿನ ತಂದರು. ಬೀರಪ್ಪನ ಭಂಡಾರ ಹಣೆಗೆ ಹಚ್ಚಿ ಹೇಳಿದ ಮಾತನ್ನು ನಮ್ಮ ಮಂದಿ ಮುರಿಯುವುದಿಲ್ಲ, ಜೀವ ಹೋದರೂ. ಅಳುತ್ತಲೇ ತಂಗಿಯ ಹಣೆಗೆ ಹಚ್ಚಿದರು. "ನಾ ಇರೋತನಕ ನೀ ಭಾರ ಎತ್ತಬ್ಯಾಡ. ಭಂಡಾರದ ಆಣಿ." ಅತ್ತೆ ಕೈ ಮುಗಿದರು. ನಿಮ್ಮ ಅಜ್ಜ ನೆಲ ನೋಡುತ್ತ ನಿಂತರು. ಅಣ್ಣನ ಎದುರು ಮಾತಾಡುವ ಧೈರ್ಯ ಅವರಿಗೂ ಇರಲಿಲ್ಲ. ಆಕೆಯ ಹಣೆಯಿಂದ ಹಳದಿ ಪುಡಿ ಮೂಗಿನ ಮೇಲೆ ಉದುರುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಆಕೆ ದೇವರಿಗೆ ಹೆದರುವವಳು. ಮತ್ತೆ ಕೊಡ ಮುಟ್ಟಲಿಲ್ಲ, ಚೀಲ ಹೊಲಿಯಲಿಲ್ಲ. ಉದಗೀರಕ್ಕೆ ಹೋಗುವುದೂ ನಿಂತಿತು. ಕೆಲಸ ಹಚ್ಚುವ ಡಾಕ್ಟರಬಾಯಿಯ ಹತ್ತಿರ ಯಾರು ಕರೆದೊಯ್ಯುತ್ತಾರೆ? ಆಕೆಯ ಔಷಧ ಮುಗಿದು ಊತ ಮತ್ತೆ ಬಂದಾಗ ನಿಲಂಗಾದ ಬಿಳಿ ಗುಳಿಗೆ ಮನೆಗೆ ತಿರುಗಿ ಬಂತು, ಬೆಲ್ಲದ ಜೊತೆ. ಆದರೆ ನೆಲದಿಂದ ಏಳುವುದನ್ನು ಮಾತ್ರ ಆಕೆ ಬಿಡಲಿಲ್ಲ. "ಅಣ್ಣ ಭಾರ ಎತ್ತಬ್ಯಾಡ ಅಂದಾನ. ನನ್ನ ಮೈ ನನಗ ಭಾರ ಅಲ್ಲ" ಅನ್ನುತ್ತಿದ್ದಳು.

ಈಗ ನನ್ನ ಸಾಲದ ಮಾತು. ದುಡ್ಡಿನ ಸಾಲವಲ್ಲ.

ನಿಮ್ಮ ಅಜ್ಜ ಹೊಲದಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ನನ್ನನ್ನು ನಡುಮನೆಯ ಮೂಲೆಯಲ್ಲಿ ಕೂರಿಸಿದರು. ಗಂಡ ಸತ್ತವಳು ಮೂಲೆ ಹಿಡಿಯಬೇಕು, ಬಾಗಿಲಿಗೆ ಬರಬಾರದು. ತಟ್ಟೆ ಅಲ್ಲಿಗೇ ಬರುತ್ತಿತ್ತು. ಬಂದ ಹೆಂಗಸರು ನನ್ನ ಸುತ್ತ ಕೂತು ಅತ್ತು ಹೋಗುತ್ತಿದ್ದರು. ದಿನಕರ್ಮ ಮುಗಿದ ಮೇಲೂ ಯಾರೂ ಏಳು ಅನ್ನಲಿಲ್ಲ. ನನಗೂ ಏಳಬೇಕು ಅನಿಸಲಿಲ್ಲ. ಕಾಲು ಜೋಮು ಹಿಡಿದು ಕಟ್ಟಿಗೆಯಾಗಿದ್ದವು. ಹಾಗೆಯೇ ಇದ್ದಿದ್ದರೆ ಇವತ್ತಿಗೂ ನಾನು ಆ ಮೂಲೆಯಲ್ಲೇ ಇರುತ್ತಿದ್ದೆ. ಅಂಥವರನ್ನು ನಾನು ನೋಡಿದ್ದೇನೆ.

ಒಂದು ಮುಂಜಾನೆ ನಾದಿನಿ ಗೋಡೆ ಹಿಡಿದುಕೊಂಡು ಬಂದಳು. ಹೆಂಗಸರು ತುಂಬಿದ್ದರು. ನನ್ನ ಎದುರಿಗೆ ನೆಲದ ಮೇಲೆ ಕೂತಳು. ಕೂರುವುದೇ ಆಕೆಗೆ ಎಷ್ಟು ಕಷ್ಟ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ವೈನಿ, ನಾ ಎದ್ದೆ ಅಂದ್ರ ನೀ ಏಳಬೇಕು."

"ಬ್ಯಾಡವ್ವ," ಅಂದಳು ಕಾಕು, "ಆಕೀಗಿ ಇನ್ನ ಏನದ, ಕುಂದ್ರಲಿ ಬಿಡು."

"ಹೌದು ಕಾಕು, ನನಗೂ ಹಂಗೇ ಕುಂದ್ರಿಸಿದ್ರಿ. ಎಷ್ಟು ಚಂದ ಕುಂತೀನಿ ನೋಡು." ಹಾಗೆ ಅಂದು ಮುಷ್ಟಿ ನೆಲಕ್ಕೆ ಊರಿದಳು. ಹೊರಳಿದಳು. ಟೊಂಕ ಎತ್ತಿದಳು. ಎಲುಬು ಕಟಕಟ ಅಂದದ್ದು ನನಗೆ ಕೇಳಿಸಿತು. ಒಬ್ಬಾಕೆ ಕೈ ಚಾಚಿದಳು. "ಹಿಡೀಬ್ಯಾಡ್ರಿ." ಎದ್ದು ನಿಂತಳು. ಬೆನ್ನು ಬಾಗಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಮುಖ ಬೆವೆತಿತ್ತು. ನನ್ನನ್ನೇ ನೋಡುತ್ತ ನಿಂತಳು.

ನಾನು ಎದ್ದೆ. ಕೈ ಊರಿಯೇ ಎದ್ದೆ, ಆದರೂ ಎದ್ದೆ. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ನಾವಿಬ್ಬರೂ ಅವರ ನಡುವಿನಿಂದ ಹೊರಗೆ ಹೋಗಿ ಕುರಿ ಹಟ್ಟಿಯ ತನಕ ನಡೆದೆವು. ಬಿಸಿಲಿತ್ತು. ಆವತ್ತಿನಿಂದ ನಾನು ಕೂತಿಲ್ಲ. ನಿಮ್ಮಪ್ಪನ ಲಗ್ನ ಮಾಡಿದೆ, ನಿಮ್ಮನ್ನು ಎತ್ತಿ ಆಡಿಸಿದೆ. ಅದೆಲ್ಲ ಆಕೆ ಕೊಟ್ಟದ್ದು.

ಆಕೆ ಬಿದ್ದದ್ದು ದೊಡ್ಡ ಬೀಳುವಿಕೆಯಲ್ಲ. ಹೊಸ್ತಿಲಿಗೆ ಕಾಲು ತಾಗಿತು, ಪಕ್ಕಕ್ಕೆ ವಾಲಿ ಕೂತ ಹಾಗೆ ಬಿದ್ದಳು. ವೈಷ್ಣವಿ, ನೀನು ಅದರ ಹತ್ತು ಪಟ್ಟು ಜೋರಾಗಿ ಬಿದ್ದು ನಗುತ್ತ ಎದ್ದಿದ್ದೀ. ಉಮರ್ಗಾದಲ್ಲಿ ಎಕ್ಸ್‌ರೇ ಫೋಟೋ ತೆಗೆಸಿದರೆ ಟೊಂಕದ ಎಲುಬು ಮುರಿದಿತ್ತು. ಉದಗೀರಕ್ಕೆ ಒಯ್ದು ಆಪರೇಷನ್ ಮಾಡಿಸಿದರು. ಹಳೆಯ ಡಾಕ್ಟರಬಾಯಿ ನೋಡಲು ಬಂದಳು. ಗುರುತು ಹಿಡಿದಳು. ನಿಮ್ಮ ದೊಡ್ಡಜ್ಜನಿಗೆ, ಇದು ಬಿದ್ದು ಮುರಿದ ಎಲುಬಲ್ಲ, ಕೂರಿಸಿ ಕೂರಿಸಿ ಮುರಿದ ಎಲುಬು, ಅಂದಳು. ಈಗಲಾದರೂ ನಾಳೆಯಿಂದಲೇ ನಿಲ್ಲಿಸಿರಿ, ಹಿಡಿದುಕೊಂಡು ನಡೆಸಿರಿ, ಮಲಗಿಸಿದರೆ ಎದೆಗೆ ಕಫ ಕಟ್ಟುತ್ತದೆ ಎಂದು ಎರಡು ಸಲ ಹೇಳಿದಳು.

ದವಾಖಾನೆಯಲ್ಲಿ ನಿಲ್ಲಿಸಿದರು. ಆಕೆ ನಿಂತಳು. ನೋವಿನಿಂದ ಕಿರುಚಿದಳು, ಆದರೂ ನಿಂತಳು. ಆ ಕಿರುಚಾಟ ನಿಮ್ಮ ದೊಡ್ಡಜ್ಜನಿಗೆ ತಡೆಯಲಾಗಲಿಲ್ಲ. ಮನೆಗೆ ಕರೆತಂದವರೇ ಬೇವಿನ ಗಿಡದ ಕೆಳಗಿನ ಹೊರಸನ್ನು ಒಳಗೆ ತರಿಸಿ, ಮೆತ್ತನೆಯ ಕೌದಿ ಹಾಸಿ ಮಲಗಿಸಿದರು. "ಎಷ್ಟು ಬ್ಯಾನಿ ತಿಂದಾಳ, ಇನ್ನ ಆರಾಮ ಮಾಡ್ಲಿ." ನಾನು ಎಬ್ಬಿಸಲು ಹೋದರೆ ತಮ್ಮ ಸೊಸೆಯರನ್ನು ಕಾವಲಿಗೆ ಕೂರಿಸಿದರು. ಕೆಲವು ವಾರಗಳಲ್ಲೇ ಎದೆ ಗೊರಗೊರ ಅನ್ನಲು ಶುರುವಾಯಿತು.

ಕೊನೆಯ ದಿನ ಸೊಸೆಯರು ಉಣ್ಣಲು ಎದ್ದಿದ್ದರು. ಆಕೆ ಕಣ್ಣು ತೆರೆದು ನನ್ನನ್ನು ನೋಡಿದಳು.

"ವೈನಿ, ಕಾಲು ನೆಲಕ್ಕ ಮುಟ್ಟಸು."

ನಾನು ಕೌದಿ ಸರಿಸಿ ಆಕೆಯನ್ನು ಅಂಚಿಗೆ ತಿರುಗಿಸಿದೆ. ಬೆನ್ನಿಗೆ ನನ್ನ ಎದೆ ಕೊಟ್ಟು ಹಿಡಿದೆ. ಎರಡೂ ಪಾದಗಳನ್ನು ನೆಲದ ಮೇಲಿಟ್ಟೆ. ಸಗಣಿ ಸಾರಿಸಿದ ನೆಲ ತಣ್ಣಗಿತ್ತು. ಆಕೆ ಬೆರಳುಗಳನ್ನು ನೆಲಕ್ಕೆ ಒತ್ತಿದಳು. ತೊಡೆ ಒಂದಿಷ್ಟು ಬಿಗಿಯಾದದ್ದು ನನ್ನ ಕೈಗೆ ತಿಳಿಯಿತು. ಏಳಲು ನೋಡುತ್ತಿದ್ದಳು. ಸೊಸೆಯರು ಬಂದು "ಅಯ್ಯ, ಏನು ಮಾಡ್ಲತ್ತೀರಿ ಅತ್ತೀ" ಎಂದು ಕೂಗಿ ಕಾಲನ್ನು ಮತ್ತೆ ಮೇಲೆ ಎತ್ತಿಟ್ಟರು. ಸಂಜೆಯ ಹೊತ್ತಿಗೆ ಹೋದಳು.

ಹೊರುವಾಗ ಗಂಡಸರು ಅಂದುಕೊಂಡರು, ಹೂವಿನಷ್ಟು ಹಗುರ ಇದ್ದಾಳೆ ಎಂದು. ಹಗುರ ಇರದೆ ಏನು? ಮಾಂಸ ಬಿಟ್ಟಿರಲಿಲ್ಲ, ಎಲುಬು ಬಿಟ್ಟಿರಲಿಲ್ಲ. ಆ ಮಾತೇ ಈಗ ವರ್ಷ ವರ್ಷ ಊಟದ ಪಂಕ್ತಿಯಲ್ಲಿ ಕೇಳಿಬರುತ್ತದೆ. ನಿಮ್ಮ ದೊಡ್ಡಜ್ಜನಿಗೆ ನಾನು ಕೆಟ್ಟದ್ದು ಬಯಸುವುದಿಲ್ಲ. ಆದರೆ ಅವರು ಹಾರ ಹಾಕುವಾಗ ನನ್ನ ಬಾಯಲ್ಲಿ ಬೇವು ಅಗಿದ ಹಾಗಾಗುತ್ತದೆ.

ಈಗ ನಿಮ್ಮಪ್ಪ ನನಗೂ ಹೇಳಲು ಶುರು ಮಾಡಿದ್ದಾನೆ, "ಅವ್ವಾ, ವಯಸ್ಸಾಯ್ತು, ಕುಂದ್ರು." ಪ್ಲಾಸ್ಟಿಕ್ ಖುರ್ಚಿಯೊಂದನ್ನು ಬೇವಿನ ಗಿಡದ ಕೆಳಗೆ ತಂದಿಟ್ಟಿದ್ದಾನೆ. ನಾನು ಅದರ ಮೇಲೆ ಕಾಳು ಒಣ ಹಾಕುತ್ತೇನೆ.

ಈ ಹಾಳೆಗಳನ್ನು ಕಂಬಳಿಯ ಟ್ರಂಕಿನಲ್ಲಿ, ನುಸಿ ಹಿಡಿಯದ ಹಾಗೆ ಬೇವಿನ ಎಲೆ ಹಾಕಿ ಇಡಿರಿ, ಮಕ್ಕಳೇ. ಫೋಟೋಕ್ಕೆ ಹಾರ ಹಾಕುವ ದಿನ ತೆಗೆದು ಒಮ್ಮೆ ಓದಿರಿ. ಮುಂದೆ ಈ ಮನೆಯಲ್ಲಿ ಯಾವ ಕೂಸಿಗಾದರೂ ಮುಂಜಾನೆ ಮೊಣಕಾಲು ಊದಿದರೆ, ಮೊದಲು ಒಳ್ಳೆಯ ಡಾಕ್ಟರಿಗೆ ತೋರಿಸಿ, ಆಮೇಲೆ ಮನೆಯ ಹಿರಿಯರನ್ನು ಕೂರಿಸಿ ಇದನ್ನು ಅವರ ಕಿವಿಗೆ ಬೀಳುವ ಹಾಗೆ ಓದಿರಿ. ಮತ್ತೆ ನೀವು ರಜೆಗೆ ಬಂದಾಗ ನಾನು ನೆಲದಿಂದ ಏಳುತ್ತಿದ್ದರೆ, ತಡವಾದರೂ ಸರಿ, ನನ್ನ ಕೈ ಹಿಡಿಯಬೇಡಿರಿ. ಪಕ್ಕದಲ್ಲಿ ನಿಂತು ನೋಡಿರಿ.